ಕೋರ್ಸ್ ಪಟ್ಟಿಯನ್ನು ಕೊನೆಯಿಂದ ಓದುವುದು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಮೊದಲ ಸಲ ಹೆಸರು ನೋಂದಾಯಿಸಿದಾಗ ನನಗೆ 37 ವರ್ಷ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ದೇಶ ಬಿಟ್ಟು ಬಂದು, ಹತ್ತು ವರ್ಷ ಮನೆ ಮಕ್ಕಳು ಎಂದು ಕಳೆದ ಮೇಲೆ ನರ್ಸಿಂಗ್ ಓದಬೇಕೆಂಬ ಆಸೆ ಹುಟ್ಟಿತ್ತು. ಕಾಲೇಜಿನ ಕೋರ್ಸ್ ಪಟ್ಟಿಯನ್ನು ತೆರೆದೆ. ಅಕೌಂಟಿಂಗ್‌ನಿಂದ ಮೊದಲಾಗಿ ವೆಲ್ಡಿಂಗ್‌ವರೆಗೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದ ಆ ಉದ್ದನೆಯ ಪಟ್ಟಿಯಲ್ಲಿ ಮಾನವ ದೇಹದ ಪರಿಚಯ ಎಂಬ ಅರ್ಥ ಬರುವ ಒಂದು ಕೋರ್ಸ್ ಕಣ್ಣಿಗೆ ಬಿತ್ತು. ನರ್ಸ್ ಆಗಬೇಕೆನ್ನುವವಳಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೇನಿದ್ದೀತು ಎಂದುಕೊಂಡೆ. ಹದಿನೈದು ನಿಮಿಷದ ಭೇಟಿಯಲ್ಲಿ ಸಲಹೆಗಾರರೂ ಆಗಬಹುದು ಎಂದರು. ಹನ್ನೊಂದು ವಾರ ಶ್ರದ್ಧೆಯಿಂದ ಓದಿ ಒಳ್ಳೆಯ ಗ್ರೇಡ್ ಪಡೆದ ಮೇಲೆ ತಿಳಿದದ್ದೆಂದರೆ, ಆ ಕೋರ್ಸ್ ವಿಜ್ಞಾನವನ್ನು ಮುಂದೆ ಓದದವರಿಗಾಗಿ ಇರುವಂಥದ್ದು ಮತ್ತು ನರ್ಸಿಂಗ್ ಪ್ರವೇಶಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು. ಒಂದು ಕ್ವಾರ್ಟರ್, ಅಂದರೆ ಇಲ್ಲಿನ ಒಂದು ಓದಿನ ಅವಧಿ, ಹೋಯಿತು, ಶುಲ್ಕ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಇದು ನನ್ನಂಥವರಿಗೆ ಆಗಿಬರುವುದಿಲ್ಲವೇನೋ ಎಂಬ ಅನುಮಾನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ಅದೇ ಕಾಲೇಜಿನ ಗಣಿತ ಕಲಿಕಾ ಕೇಂದ್ರದಲ್ಲಿ, ಓದುತ್ತಲೇ, ಟ್ಯೂಟರ್ ಆಗಿ ಕೆಲಸಕ್ಕೆ ಸೇರಿದೆ. ವೆಲ್ಡಿಂಗ್ ಕಲಿಯುವವರು, ಎಲೆಕ್ಟ್ರಿಷಿಯನ್ ಆಗುವವರು, ಮೆಡಿಕಲ್ ಅಸಿಸ್ಟೆಂಟ್‌ಗಳು, ನಾಲ್ಕು ವರ್ಷದ ಪದವಿಯತ್ತ ಹೊರಟ ಹದಿನೆಂಟರ ಹುಡುಗರು, ಮೊಮ್ಮಕ್ಕಳಿರುವ ಅಜ್ಜಿಯರು ಎಲ್ಲರೂ ಬಂದು ಕೂರುವ ಮೇಜು ಅದು. ಅಲ್ಲಿ ಕೂತು ನೋಡಿದಾಗ ನನಗೆ ಖಚಿತವಾದ ವಿಷಯವೊಂದೇ: ಇಂಥ ಕಾಲೇಜಿನಲ್ಲಿ ವಿದ್ಯಾರ್ಥಿಯನ್ನು ಸೋಲಿಸುವುದು ಹೆಚ್ಚಿನ ಸಲ ವಿಷಯದ ಕಷ್ಟವಾಗಿರುವುದಿಲ್ಲ, ಒಂದು ಕೋರ್ಸ್ ಇನ್ನೊಂದಕ್ಕೆ ಹೇಗೆ ಕೊಂಡಿಯಾಗಿದೆ ಎಂಬುದು ತಿಳಿಯದೆ ಇರುವುದು. ಪಟ್ಟಿಯನ್ನು ಮೊದಲಿನಿಂದ ಓದಬಾರದು, ಕೊನೆಯಿಂದ, ಅಂದರೆ ನಮ್ಮ ಗುರಿಯಿಂದ ಹಿಂದಕ್ಕೆ, ಓದಬೇಕು. ಹೊಸದಾಗಿ ಈ ದೇಶಕ್ಕೆ ಬಂದು ಮತ್ತೆ ಓದಲು ಹೊರಟಿರುವ ಕನ್ನಡದವರಿಗೆ ಇದನ್ನು ವಿವರವಾಗಿ ಹೇಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಮೊದಲು ಈ ಕಾಲೇಜುಗಳು ಎಂಥವು ಎಂಬುದನ್ನು ಹೇಳಬೇಕು, ಏಕೆಂದರೆ ನಮ್ಮಲ್ಲಿ ಇದಕ್ಕೆ ಸರಿಸಮನಾದ ಸಂಸ್ಥೆ ಇಲ್ಲ. ಪದವಿ ಕಾಲೇಜು, ಪಾಲಿಟೆಕ್ನಿಕ್, ಐಟಿಐ, ವಯಸ್ಕರ ಶಿಕ್ಷಣ ಕೇಂದ್ರ ಎಂದು ನಾವು ಬೇರೆ ಬೇರೆ ಕಟ್ಟಡಗಳಲ್ಲಿ ಇಟ್ಟಿರುವುದನ್ನೆಲ್ಲ ಇಲ್ಲಿ ಒಂದೇ ಸೂರಿನಡಿ ತಂದಿದ್ದಾರೆ. ಇವುಗಳ ಮೂಲ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿದೆ. ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಸೇರಿ 1901ರಲ್ಲಿ 6 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ಜೂನಿಯರ್ ಕಾಲೇಜು ಈ ಬಗೆಯ ಸರ್ಕಾರಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಓದಿನ ಖರ್ಚು ಕೊಡುವ ಕಾನೂನು 1944ರಲ್ಲಿ ಬಂತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು ಮನೆಯ ಹತ್ತಿರವೇ ಕಡಿಮೆ ಖರ್ಚಿನಲ್ಲಿ ಎರಡು ವರ್ಷದ ಉನ್ನತ ಶಿಕ್ಷಣ ಸಿಗಬೇಕೆಂದು ಹೇಳಿ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ಬಳಕೆಗೆ ತಂದಿತು.

ಇಲ್ಲಿ ಇವುಗಳನ್ನು ಒಟ್ಟಾಗಿ ‘ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜು’ಗಳು ಎನ್ನುತ್ತಾರೆ. ಆ ಹೆಸರಿನಲ್ಲಿರುವ ‘ಟೆಕ್ನಿಕಲ್’ ಎಂಬ ಪದಕ್ಕೆ ಬೇರೆಯೇ ಚರಿತ್ರೆ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ ಸೆಂಟ್ರೇಲಿಯಾ ಕಾಲೇಜು 1925ರಿಂದ ಪಾಠ ಹೇಳುತ್ತ ಬಂದಿದೆ. ಆದರೆ ರೆಂಟನ್‌ನ ಇಂದಿನ ಟೆಕ್ನಿಕಲ್ ಕಾಲೇಜು 1941ರಲ್ಲಿ ಯುದ್ಧೋತ್ಪಾದನೆಯ ತರಬೇತಿ ಶಾಲೆಯಾಗಿ ಹುಟ್ಟಿದ್ದು. ಒಂದು ಕಡೆ ವಿಶ್ವವಿದ್ಯಾಲಯದ ಮೊದಲೆರಡು ವರ್ಷಗಳ ಪಾಠ, ಇನ್ನೊಂದು ಕಡೆ ಕಾರ್ಖಾನೆಗೆ ಬೇಕಾದ ಕೈಕೆಲಸ, ಹೀಗೆ ಎರಡು ಧಾರೆಗಳು ದಶಕಗಳ ಕಾಲ ಪ್ರತ್ಯೇಕವಾಗಿಯೇ ಹರಿದವು. 1967ರ ಕಾನೂನು ಕಮ್ಯುನಿಟಿ ಕಾಲೇಜುಗಳನ್ನು ಸ್ಥಳೀಯ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗಳ ಹಿಡಿತದಿಂದ ಬಿಡಿಸಿತು, 1991ರ ಕಾನೂನು ವೃತ್ತಿ ತರಬೇತಿ ಸಂಸ್ಥೆಗಳನ್ನೂ ಅವುಗಳ ಜೊತೆಗೆ ಒಂದೇ ರಾಜ್ಯ ಮಂಡಳಿಯ ಅಡಿಗೆ ತಂದಿತು. ಇಂದು ಆ ವ್ಯವಸ್ಥೆಯಲ್ಲಿ 34 ಕಾಲೇಜುಗಳಿವೆ. ಕಾನೂನು ಎರಡನ್ನೂ ಒಂದುಗೂಡಿಸಿದರೂ ಕೋರ್ಸ್ ಪಟ್ಟಿಯೊಳಗೆ ಆ ಹಳೆಯ ಗೋಡೆ ಇನ್ನೂ ಇದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಅದರ ಮಾತು ಬರುತ್ತದೆ.

ಈ ಪಟ್ಟಿಯಲ್ಲಿ ಏನೇನಿರುತ್ತದೆ ಎಂದರೆ, ನಾಲ್ಕು ವರ್ಷದ ಪದವಿಯ ಮೊದಲರ್ಧವನ್ನು ಇಲ್ಲಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರ ಕೋರ್ಸ್‌ಗಳು ಒಂದು ಭಾಗ. ನೇರವಾಗಿ ಉದ್ಯೋಗಕ್ಕೆ ಕಳಿಸುವ ವೃತ್ತಿ ಕೋರ್ಸ್‌ಗಳು ಇನ್ನೊಂದು ಭಾಗ. ವಾಹನ ದುರಸ್ತಿ, ವಿಮಾನ ನಿರ್ವಹಣೆ, ಕಂಪ್ಯೂಟರ್ ನಿಯಂತ್ರಿತ (ಸಿಎನ್‌ಸಿ) ಯಂತ್ರಗಾರಿಕೆ, ಹವಾನಿಯಂತ್ರಣ, ದಂತ ಶುಚಿತ್ವ, ರಕ್ತದ ಮಾದರಿ ತೆಗೆಯುವುದು, ಶಿಶು ಶಿಕ್ಷಣ, ಸೈಬರ್ ಭದ್ರತೆ, ಅಡುಗೆ ಕಲೆ ಎಲ್ಲವೂ ಈ ಎರಡನೆಯದರಲ್ಲಿ ಬರುತ್ತವೆ, ಎಲ್ಲ ಕಾಲೇಜಿನಲ್ಲೂ ಎಲ್ಲವೂ ಇರುವುದಿಲ್ಲ. ಇಂಗ್ಲಿಷ್ ಕಲಿಯುವ ವಯಸ್ಕರಿಗೂ ಹೈಸ್ಕೂಲು ಮುಗಿಸದೆ ಬಿಟ್ಟವರಿಗೂ ಮೂಲ ಶಿಕ್ಷಣದ ತರಗತಿಗಳಿವೆ. ಹೈಸ್ಕೂಲಿನ ಕೊನೆಯ ಎರಡು ವರ್ಷದ ಮಕ್ಕಳು ಬೋಧನಾ ಶುಲ್ಕವಿಲ್ಲದೆ ಇಲ್ಲಿ ಬಂದು ಕಾಲೇಜು ಕ್ರೆಡಿಟ್ ಗಳಿಸುವ ‘ರನ್ನಿಂಗ್ ಸ್ಟಾರ್ಟ್’ ಎಂಬ ಯೋಜನೆಯೂ ಇದೆ. ಕುಂಬಾರಿಕೆ, ಛಾಯಾಚಿತ್ರಣ ಮುಂತಾದ ಹವ್ಯಾಸದ ತರಗತಿಗಳು ಕ್ರೆಡಿಟ್ ಇಲ್ಲದವು. ಅವನ್ನು ಆಸಕ್ತಿಗೆ ತಕ್ಕಂತೆ ಹೇಗೆ ಬೇಕಾದರೂ ಆರಿಸಿಕೊಳ್ಳಬಹುದು.

ಕ್ರೆಡಿಟ್ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯದೆ ಹೆಸರು ಕೊಡುವವರನ್ನು ನಾನು ಪ್ರತಿ ಕ್ವಾರ್ಟರ್‌ನಲ್ಲೂ ನೋಡುತ್ತೇನೆ. ಇಲ್ಲಿ ವರ್ಷವನ್ನು ಶರತ್ಕಾಲ, ಚಳಿಗಾಲ, ವಸಂತ, ಬೇಸಿಗೆ ಎಂದು ಕ್ವಾರ್ಟರ್‌ಗಳಾಗಿ ವಿಂಗಡಿಸಿದ್ದಾರೆ. ಬೇಸಿಗೆಯದು ಚಿಕ್ಕದು, ಉಳಿದವು ಹತ್ತು ಹನ್ನೊಂದು ವಾರದವು. ವಾರಕ್ಕೆ ತರಗತಿಯಲ್ಲಿ ಒಂದು ಗಂಟೆ ಮತ್ತು ಮನೆಯಲ್ಲಿ ಎರಡು ಗಂಟೆ ಸೇರಿದರೆ ಒಂದು ಕ್ರೆಡಿಟ್ ಎಂಬುದು ಸಾಮಾನ್ಯ ಲೆಕ್ಕ. ಹೆಚ್ಚಿನ ಕೋರ್ಸ್‌ಗಳು 5 ಕ್ರೆಡಿಟ್‌ನವು, ಅಂದರೆ ಒಂದೊಂದಕ್ಕೆ ವಾರಕ್ಕೆ 15 ಗಂಟೆ. ಪೂರ್ಣಾವಧಿ ಓದು ಎನ್ನುವ 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ 45 ಗಂಟೆಯಾಯಿತು, ಪ್ರಯೋಗಾಲಯವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಎರಡು ವರ್ಷದ ಅಸೋಸಿಯೇಟ್ ಪದವಿಗೆ 90 ಕ್ರೆಡಿಟ್ ಬೇಕೆಂದರೆ ಅದು ವರ್ಷಕ್ಕೆ ಮೂರು ಕ್ವಾರ್ಟರ್‌ನಂತೆ ಇಂಥ ಆರು ಕ್ವಾರ್ಟರ್. ಸೆಮಿಸ್ಟರ್ ಪದ್ಧತಿಯ ರಾಜ್ಯಗಳಲ್ಲಿ ಅದೇ ಪದವಿಗೆ 60 ಕ್ರೆಡಿಟ್ ಎನ್ನುತ್ತಾರೆ, ಏಕೆಂದರೆ ಒಂದು ಸೆಮಿಸ್ಟರ್ ಕ್ರೆಡಿಟ್ ಒಂದೂವರೆ ಕ್ವಾರ್ಟರ್ ಕ್ರೆಡಿಟ್‌ಗೆ ಸಮ. ಹಗಲು ಪೂರ್ತಿ ದುಡಿದು ಮನೆಯಲ್ಲಿ ಚಿಕ್ಕ ಮಕ್ಕಳನ್ನೂ ನೋಡಿಕೊಳ್ಳುವವರಿಗೆ 15 ಕ್ರೆಡಿಟ್ ತೆಗೆದುಕೊಳ್ಳಿ ಎಂದು ಹೇಳುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಂಥವರು ಮೊದಲ ಕ್ವಾರ್ಟರ್‌ನಲ್ಲಿ ಎರಡಕ್ಕಿಂತ ಹೆಚ್ಚು ಕೋರ್ಸ್ ತೆಗೆದುಕೊಳ್ಳದೆ ಇರುವುದು ಒಳ್ಳೆಯದು. ಆದರೆ ಆ ಎರಡೂ ಮುಂದಿನ ಕೊಂಡಿಗೆ ಬೇಕಾದವೇ ಆಗಿರಬೇಕು.

ಆ ಕೊಂಡಿಯನ್ನು ನರ್ಸಿಂಗ್‌ನ ಉದಾಹರಣೆಯಿಂದಲೇ ಹೇಳುತ್ತೇನೆ. ಕೊನೆಯಲ್ಲಿ ಇರುವುದು ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ. ಅದನ್ನು ಬರೆಯಬೇಕಾದರೆ ಮಾನ್ಯತೆ ಪಡೆದ ನರ್ಸಿಂಗ್ ಕಾರ್ಯಕ್ರಮವನ್ನು ಮುಗಿಸಿರಬೇಕು. ಕಾಲೇಜಿಗೆ ಎಲ್ಲರಿಗೂ ಪ್ರವೇಶವಿದ್ದರೂ ನರ್ಸಿಂಗ್ ಕಾರ್ಯಕ್ರಮಕ್ಕೆ ಇಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಸ್ಪರ್ಧೆ, ಸೀಮಿತ ಸೀಟು. ಆ ಅರ್ಜಿ ಹಾಕಲು ಅಂಗರಚನೆ ಮತ್ತು ಶರೀರಕ್ರಿಯೆಯನ್ನು ಒಟ್ಟಿಗೆ ಕಲಿಸುವ ಎರಡು ಕ್ವಾರ್ಟರ್‌ಗಳ ಕೋರ್ಸ್‌ಗಳು, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್ ಬರವಣಿಗೆ ಇವುಗಳಲ್ಲಿ ಬಹುಪಾಲು ಮುಗಿದಿರಬೇಕು. ಅಂಗರಚನೆಯ ಮೊದಲ ಕೋರ್ಸ್‌ಗೆ ಕೂರಬೇಕಾದರೆ ಪ್ರಯೋಗಾಲಯ ಸಹಿತವಾದ ಜೀವಶಾಸ್ತ್ರದ ಕೋರ್ಸ್ ಆಗಿರಬೇಕು, ಅನೇಕ ಕಡೆ ರಸಾಯನಶಾಸ್ತ್ರವೂ ಆಗಿರಬೇಕು. ರಸಾಯನಶಾಸ್ತ್ರಕ್ಕೆ ಒಂದು ಮಟ್ಟದವರೆಗಿನ ಬೀಜಗಣಿತ ಬೇಕು. ಹೀಗೆ ಕೊನೆಯಿಂದ ಹಿಂದಕ್ಕೆ ಬಂದಾಗಲೇ ನಾನು ಇವತ್ತು ಕೂರಬೇಕಾದ ತರಗತಿ ಯಾವುದು ಎಂಬುದು ಗೊತ್ತಾಗುವುದು. ಒಂದು ವರ್ಷವಿಡೀ ಒಂದಾದ ಮೇಲೊಂದು ಬರುವ ಸರಪಳಿಯಿದು. ನಡುವಿನ ಒಂದು ಕೊಂಡಿ ತಪ್ಪಿದರೆ ಒಂದು ಕ್ವಾರ್ಟರ್ ಮಾತ್ರ ಹಿಂದೆ ಬೀಳುತ್ತೇವೆ ಎಂದುಕೊಳ್ಳಬಾರದು. ಅರ್ಜಿ ಕರೆಯುವುದು ವರ್ಷಕ್ಕೆ ಒಂದೋ ಎರಡೋ ಸಲವಾದ್ದರಿಂದ ಆರು ತಿಂಗಳೋ ವರ್ಷವೋ ಹೋಗಬಹುದು. ನನಗೆ ಹೋದದ್ದು ಹಾಗೆಯೇ.

ನನ್ನ ತಪ್ಪನ್ನು ತಪ್ಪಿಸಬಹುದಾಗಿದ್ದ ಒಂದು ಚಿಕ್ಕ ಗುರುತು ಪಟ್ಟಿಯಲ್ಲೇ ಇತ್ತು. ವಾಷಿಂಗ್ಟನ್‌ನ ಈ ಕಾಲೇಜುಗಳಲ್ಲಿ ಕೆಲವು ಕೋರ್ಸ್‌ಗಳ ವಿಷಯ ಸಂಕೇತದ ಕೊನೆಯಲ್ಲಿ & ಎಂಬ ಚಿಹ್ನೆ ಇರುತ್ತದೆ. ಆ ಕೋರ್ಸ್ ಈ ವ್ಯವಸ್ಥೆಯ ಎಲ್ಲ ಕಾಲೇಜುಗಳಲ್ಲೂ ಒಂದೇ ಸಂಖ್ಯೆ, ಒಂದೇ ಹೆಸರು ಹೊಂದಿದ್ದು, ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಅದೇ ಕೋರ್ಸ್ ಎಂದು ಒಪ್ಪಿಕೊಳ್ಳುತ್ತಾರೆ ಎಂಬುದರ ಸೂಚನೆಯದು. ಸಂಖ್ಯಾಶಾಸ್ತ್ರದ ಪರಿಚಯ ಎಲ್ಲ ಕಡೆಯೂ ಮ್ಯಾಥ್& 146; ಇಂಗ್ಲಿಷ್ ಬರವಣಿಗೆಯ ಮೊದಲ ಕೋರ್ಸ್ ಎಲ್ಲ ಕಡೆಯೂ ಇಂಗ್ಲಿಷ್& 101. ನಾನು ತೆಗೆದುಕೊಂಡ ಕೋರ್ಸ್‌ಗೆ ಆ ಚಿಹ್ನೆ ಇರಲಿಲ್ಲ. ಚಿಹ್ನೆ ಇಲ್ಲದ ಕೋರ್ಸ್ ಕೆಟ್ಟದ್ದೆಂದು ಯಾರೂ ತಿಳಿಯಬಾರದು, ಅಂಥ ಎಷ್ಟೋ ಕೋರ್ಸ್‌ಗಳು ಮುಂದಕ್ಕೆ ನಡೆಯುತ್ತವೆ. ಆದರೆ ಅವು ನಮ್ಮ ಗುರಿಗೆ ನಡೆಯುತ್ತವೆಯೇ ಎಂದು ಕೇಳಿ ಲಿಖಿತ ಉತ್ತರ ಪಡೆಯದೆ ಶುಲ್ಕ ಕಟ್ಟಬಾರದು.

ಇದಕ್ಕಿಂತ ಹೆಚ್ಚು ಮೋಸಹೋಗುವ ಜಾಗ ಪದವಿಗಳ ಹೆಸರು. ಎರಡು ವರ್ಷದ ಪದವಿಗಳೆಲ್ಲ ಕೇಳಲು ಒಂದೇ ಬಗೆಯಾಗಿರುತ್ತವೆ. ಎಎ-ಡಿಟಿಎ ಎಂಬುದು ನೇರ ವರ್ಗಾವಣೆಯ ಒಪ್ಪಂದಕ್ಕೆ ಸೇರಿದ ಪದವಿ. ಅದನ್ನು ಮುಗಿಸಿದವರಿಗೆ ಒಪ್ಪಂದದಲ್ಲಿರುವ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಮೂರನೆಯ ವರ್ಷದ ವಿದ್ಯಾರ್ಥಿಯ ಸ್ಥಾನ ಸಿಗುತ್ತದೆ. ಎಎಎಸ್ ಎಂಬುದು ಉದ್ಯೋಗಕ್ಕಾಗಿ ಇರುವ ಪದವಿ, ವರ್ಗಾವಣೆ ಅದರ ಉದ್ದೇಶವಲ್ಲ. ಇವೆರಡರ ನಡುವೆ ಎಎಎಸ್-ಟಿ ಎಂಬ ಮೂರನೆಯದೊಂದಿದೆ. ಅದು ಕೂಡ ವೃತ್ತಿ ಪದವಿಯೇ, ಆದರೆ ವರ್ಗಾವಣೆಗೆ ನಡೆಯುವ ಸಾಮಾನ್ಯ ವಿಷಯಗಳ ಕನಿಷ್ಠ 20 ಕ್ರೆಡಿಟ್ ಅದರಲ್ಲಿರುತ್ತದೆ, ಮತ್ತು ಕೆಲವು ನಿರ್ದಿಷ್ಟ ಪದವಿಗಳು ಮಾತ್ರ ಅದನ್ನು ಒಪ್ಪುತ್ತವೆ. ಕೊನೆಯ ಒಂದು ಅಕ್ಷರದಲ್ಲಿ ಎರಡು ವರ್ಷದ ಬದುಕು ಅಡಗಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ವೃತ್ತಿ ಪದವಿ ಪಡೆದವರು ಮುಂದೆ ಓದಲು ದಾರಿಯೇ ಇಲ್ಲದೆ ನಿಲ್ಲುತ್ತಿದ್ದುದನ್ನು ಕಂಡೇ ಇಲ್ಲಿನ ಶಾಸನಸಭೆ 2005ರಲ್ಲಿ ಈ ಕಾಲೇಜುಗಳಲ್ಲಿ ಕೆಲವಕ್ಕೆ ನಾಲ್ಕು ವರ್ಷದ ಅನ್ವಯಿಕ ಬ್ಯಾಚುಲರ್ ಪದವಿ ಕೊಡಲು ಪ್ರಾಯೋಗಿಕವಾಗಿ ಅನುಮತಿ ನೀಡಿತು. ಈಗ ಅಂಥ ಪದವಿಗಳು ಬಹಳಷ್ಟು ಕಾಲೇಜುಗಳಲ್ಲಿವೆ. 2021ರ ಕಾನೂನಿನಿಂದ ಕಂಪ್ಯೂಟರ್ ವಿಜ್ಞಾನದ ಬ್ಯಾಚುಲರ್ ಪದವಿಗೂ ಬಾಗಿಲು ತೆರೆಯಿತು. ಈ ಬೆಳವಣಿಗೆ ನನಗೆ ಬಹಳ ಸಂತೋಷ ಕೊಟ್ಟಿದೆ.

ವೃತ್ತಿ ಕೋರ್ಸ್‌ಗಳಲ್ಲಿ ‘ಕೊನೆ’ ಇರುವುದು ಕಾಲೇಜಿನ ಹೊರಗೆ. ನರ್ಸಿಂಗ್ ಅಸಿಸ್ಟೆಂಟ್ ಆಗುವವರಿಗೆ ಒಕ್ಕೂಟ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆಗಳ ತರಬೇತಿ, ಅದರಲ್ಲಿ 16 ಗಂಟೆ ಮೇಲ್ವಿಚಾರಣೆಯ ಕೆಳಗಿನ ಪ್ರಾಯೋಗಿಕ ಕೆಲಸ ಆಗಿರಬೇಕು. ರಾಜ್ಯಗಳು ಅದಕ್ಕಿಂತ ಹೆಚ್ಚು ಕೇಳಬಹುದು. ಹವಾನಿಯಂತ್ರಣ ಓದುವವರು ಶೀತಕ ಅನಿಲವನ್ನು ಮುಟ್ಟಬೇಕಾದರೆ ಪರಿಸರ ಸಂರಕ್ಷಣಾ ಸಂಸ್ಥೆಯ ‘ಸೆಕ್ಷನ್ 608’ ಪ್ರಮಾಣಪತ್ರ ಬೇಕು. ಎಲೆಕ್ಟ್ರಿಷಿಯನ್ ಆಗುವ ದಾರಿಯಂತೂ ಕಾಲೇಜಿನೊಳಗಿಂದ ಹೋಗುವುದೇ ಕಡಿಮೆ. ಈ ರಾಜ್ಯದಲ್ಲಿ ಸಾಮಾನ್ಯ ಎಲೆಕ್ಟ್ರಿಷಿಯನ್ ಪ್ರಮಾಣಪತ್ರಕ್ಕೆ 8000 ಗಂಟೆಗಳ ಕೆಲಸದ ಅನುಭವ ಬೇಕು. ನೋಂದಾಯಿತ ಅಪ್ರೆಂಟಿಸ್ ಆಗಿ ಸಂಬಳ ಪಡೆದು ದುಡಿಯುತ್ತಲೇ, ವರ್ಷಕ್ಕೆ ಸುಮಾರು 144 ಗಂಟೆ ತರಗತಿಯಲ್ಲಿ ಕೂರುವುದು ವಾಡಿಕೆ. ಇದನ್ನು ತಿಳಿಯದೆ ಎರಡು ವರ್ಷದ ಪದವಿ ಮುಗಿಸಿದರೆ ಪರವಾನಗಿ ಕೈಗೆ ಬರುತ್ತದೆ ಎಂದು ನಂಬಿ ಸೇರಿದವರನ್ನು ನಾನು ಮೇಜಿನ ಆಚೆ ಕಂಡಿದ್ದೇನೆ.

ವೆಲ್ಡಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕಾಲೇಜಿನಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದ ಪರೀಕ್ಷೆ ಅದರದು. ವಿದ್ಯಾರ್ಥಿ ಎರಡು ಉಕ್ಕಿನ ಫಲಕಗಳ ನಡುವಿನ ಕೊರಕಲನ್ನು ಬೆಸುಗೆಯಿಂದ ತುಂಬಬೇಕು. ಫಲಕ ಮಲಗಿದ್ದರೆ ಸುಲಭ. ನೆಟ್ಟಗೆ ನಿಲ್ಲಿಸಿದಾಗ, ತಲೆಯ ಮೇಲೆ ಇಟ್ಟಾಗ ಕರಗಿದ ಲೋಹ ಜಾರದಂತೆ ಹಿಡಿಯುವುದೇ ವಿದ್ಯೆ. ಆಮೇಲೆ ಆ ಬೆಸುಗೆಯಿಂದ ಪಟ್ಟಿಗಳನ್ನು ಕತ್ತರಿಸಿ, ಉಜ್ಜಿ ನಯಮಾಡಿ, ಒತ್ತುಯಂತ್ರದಲ್ಲಿಟ್ಟು ಕುದುರೆಯ ಲಾಳದ ಹಾಗೆ ಬಗ್ಗಿಸುತ್ತಾರೆ. ಬಗ್ಗಿದ ಮೈಯ ಹೊರಬದಿಯಲ್ಲಿ 3 ಮಿಲಿಮೀಟರ್‌ಗಿಂತ, ಅಂದರೆ ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ದೊಡ್ಡ ಬಿರುಕು ತೆರೆದುಕೊಂಡರೆ ಅನುತ್ತೀರ್ಣ. ಹೊರಗೆ ಎಷ್ಟು ಚಂದ ಕಂಡರೂ ಒಳಗೆ ಅಂಟದೆ ಉಳಿದದ್ದು ಆಗ ಬಯಲಾಗುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ಬಗ್ಗಿದ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ಅಳತೆಪಟ್ಟಿಯಲ್ಲಿ ಎಂಟನೆಯ ಒಂದು ಭಾಗ ಎಲ್ಲಿದೆ ಎಂದು ತೋರಿಸಲು ಹೇಳಿದ್ದು ನನಗೆ ಇನ್ನೂ ನೆನಪಿದೆ. ಅಷ್ಟು ಒಳ್ಳೆಯ ಕೈಯಿದ್ದವನಿಗೆ ಭಿನ್ನರಾಶಿ ತೊಡಕಾಗಿತ್ತು. ಮೂರು ಸಂಜೆ ಕೂತೆವು, ಆಮೇಲೆ ತೊಡಕಾಗಲಿಲ್ಲ.

ಗಣಿತವೇ ಈ ಕಾಲೇಜುಗಳಲ್ಲಿ ಹೆಚ್ಚು ಜನ ಬೀಳುವ ಮೆಟ್ಟಿಲು. ಬಹಳ ವರ್ಷ ಇಲ್ಲಿನ ಪದ್ಧತಿ ಹೀಗಿತ್ತು: ಸೇರುವಾಗ ಒಂದು ಪರೀಕ್ಷೆ, ಅದರಲ್ಲಿ ಕಡಿಮೆ ಅಂಕ ಬಂದರೆ ಪೂರ್ವ ಬೀಜಗಣಿತ, ಆಮೇಲೆ ಆರಂಭಿಕ ಬೀಜಗಣಿತ, ಆಮೇಲೆ ಮಧ್ಯಮ ಬೀಜಗಣಿತ, ಅವೆಲ್ಲ ದಾಟಿದ ಮೇಲೆ ಮಾತ್ರ ಪದವಿಗೆ ಲೆಕ್ಕವಾಗುವ ಗಣಿತ. ಒಂದೊಂದು ಮೆಟ್ಟಿಲಿನಲ್ಲೂ ನೂರರಲ್ಲಿ ಎಪ್ಪತ್ತು ಜನ ದಾಟುತ್ತಾರೆ ಎಂದು ಊಹಿಸಿಕೊಳ್ಳಿ, ಕೇಳಲು ಅದೇನೂ ಕೆಟ್ಟ ಫಲಿತಾಂಶವಲ್ಲ. ಆದರೆ ಮೂರು ಮೆಟ್ಟಿಲಾಗುವ ಹೊತ್ತಿಗೆ ಉಳಿಯುವವರು ನೂರರಲ್ಲಿ 34 ಜನ, ನಾಲ್ಕಾದರೆ 24. ಯಾರೂ ದಡ್ಡರಾಗಿರಬೇಕಿಲ್ಲ, ಸರಪಳಿ ಉದ್ದವಾಗಿರುವುದೇ ಸಾಕು. ನಡುವೆ ಮಗುವಿಗೆ ಜ್ವರ ಬರುತ್ತದೆ, ಕೆಲಸದ ಪಾಳಿ ಬದಲಾಗುತ್ತದೆ, ಬಸ್ಸು ತಪ್ಪುತ್ತದೆ. ಈ ಲೆಕ್ಕವನ್ನು ಅರಿತ ಮೇಲೆ ಅನೇಕ ರಾಜ್ಯಗಳು ದಾರಿ ಬದಲಿಸಿದವು. ಫ್ಲಾರಿಡಾ 2013ರಲ್ಲಿ ಬಹುಪಾಲು ವಿದ್ಯಾರ್ಥಿಗಳಿಗೆ ಈ ಪೂರ್ವಸಿದ್ಧತೆಯ ಕೋರ್ಸ್‌ಗಳನ್ನು ಐಚ್ಛಿಕ ಮಾಡಿತು. ಕ್ಯಾಲಿಫೋರ್ನಿಯಾ 2017ರ ಕಾನೂನಿನಿಂದ ಹೈಸ್ಕೂಲಿನ ಅಂಕಗಳನ್ನು ನೋಡಿ ಸೇರಿಸಬೇಕೆಂದು ವಿಧಿಸಿತು. ಈಗ ಹೆಚ್ಚಾಗಿ ಕಾಣುವುದು ಜೊತೆ ಕೋರ್ಸ್‌ಗಳ ಪದ್ಧತಿ. ವಿದ್ಯಾರ್ಥಿಯನ್ನು ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೆ ಸೇರಿಸಿ, ಅದೇ ಕ್ವಾರ್ಟರ್‌ನಲ್ಲಿ ಬೇಕಾದ ಬೀಜಗಣಿತವನ್ನು ಪಕ್ಕದಲ್ಲೇ ಕಲಿಸುವುದು.

ಎಲ್ಲರಿಗೂ ಒಂದೇ ಗಣಿತ ಬೇಕೆಂಬ ನಂಬಿಕೆಯೂ ಸಡಿಲವಾಗಿದೆ. ಎಂಜಿನಿಯರಿಂಗ್ ಓದುವವರಿಗೆ ಕಲನಶಾಸ್ತ್ರದತ್ತ ಒಯ್ಯುವ ಮ್ಯಾಥ್& 141 ಬೇಕು; ನರ್ಸಿಂಗ್, ಮನಶ್ಶಾಸ್ತ್ರ, ಸಮಾಜಸೇವೆಗಳಿಗೆ ಸಂಖ್ಯಾಶಾಸ್ತ್ರವೇ ಹೆಚ್ಚು ಉಪಯುಕ್ತ. ಮೆಡಿಕಲ್ ಅಸಿಸ್ಟೆಂಟ್ ಕಲಿಯುವವರು ಮೊದಲು ಮಾಡಬೇಕಾದ ಲೆಕ್ಕ 154 ಪೌಂಡ್ ತೂಕದ ರೋಗಿಯನ್ನು 2.2ರಿಂದ ಭಾಗಿಸಿ 70 ಕಿಲೋ ಎಂದು ತಿಳಿದು, ಕಿಲೋಗೆ 5 ಮಿಲಿಗ್ರಾಂನಂತೆ 350 ಮಿಲಿಗ್ರಾಂ ಔಷಧ ಎಂದು ಹೇಳುವುದು. ಅಲ್ಲಿ ದಶಮಾಂಶದ ಚುಕ್ಕೆ ಒಂದು ಸ್ಥಾನ ಜರುಗಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದ್ದರಿಂದಲೇ ಅವರು ನನ್ನ ಮೇಜಿಗೆ ಬರುವವರಲ್ಲಿ ಅತ್ಯಂತ ಎಚ್ಚರದ ವಿದ್ಯಾರ್ಥಿಗಳು.

ವಾಷಿಂಗ್ಟನ್ ರಾಜ್ಯ ರೂಪಿಸಿದ ‘ಐ-ಬೆಸ್ಟ್’ ಎಂಬ ಪದ್ಧತಿಯನ್ನು ನಾನು ತುಂಬ ಮೆಚ್ಚುತ್ತೇನೆ. ಇಂಗ್ಲಿಷ್ ಚೆನ್ನಾಗಿ ಬಾರದವರು ಮೊದಲು ಭಾಷೆಯ ಎಲ್ಲ ಮಟ್ಟಗಳನ್ನೂ ಮುಗಿಸಿ ಆಮೇಲೆ ವೃತ್ತಿ ಕಲಿಯಲಿ ಎನ್ನುವ ಹಳೆಯ ಕ್ರಮವನ್ನು ಬಿಟ್ಟು, ಒಂದೇ ತರಗತಿಯಲ್ಲಿ ಇಬ್ಬರು ಉಪನ್ಯಾಸಕರನ್ನು ನಿಲ್ಲಿಸುತ್ತಾರೆ; ಒಬ್ಬರು ವೃತ್ತಿಯನ್ನು ಕಲಿಸುವವರು, ಇನ್ನೊಬ್ಬರು ಅದಕ್ಕೆ ಬೇಕಾದ ಭಾಷೆಯನ್ನೂ ಲೆಕ್ಕವನ್ನೂ ಕಲಿಸುವವರು. ರೋಗಿಯ ರಕ್ತದೊತ್ತಡ ನೋಡುವುದನ್ನು ಕಲಿಯುವ ದಿನವೇ ಅದನ್ನು ವರದಿಯಲ್ಲಿ ಹೇಗೆ ಬರೆಯಬೇಕೆಂದು ಕಲಿತರೆ ಆ ವಾಕ್ಯ ಮರೆತುಹೋಗುವುದಿಲ್ಲ. ಇಲ್ಲಿ ಸರಪಳಿಯ ಕೊಂಡಿಗಳನ್ನೇ ಕಡಿಮೆ ಮಾಡಿದ್ದಾರೆ. ನಮ್ಮ ದೇಶದಿಂದ ಬಂದವರು ಇಂಥ ತರಗತಿಗೆ ಸೇರಲು ಸಂಕೋಚ ಪಡುವುದನ್ನು ನೋಡಿದ್ದೇನೆ, ಪದವೀಧರರಾದ ನಮಗೆ ಮೂಲ ಶಿಕ್ಷಣವೇ ಎಂದು. ಆ ಸಂಕೋಚದಿಂದ ಕಳೆದುಹೋಗುವುದು ಅವರದೇ ಸಮಯ.

ಹಣದ ವಿಷಯದಲ್ಲೂ ಕೊಂಡಿಯ ಮಾತೇ ಮುಖ್ಯ. ನಾಗರಿಕರಿಗೂ ಗ್ರೀನ್ ಕಾರ್ಡ್ ಉಳ್ಳವರಿಗೂ ಆದಾಯದ ಆಧಾರದ ಮೇಲೆ ಸಿಗುವ ಪೆಲ್ ಅನುದಾನವನ್ನು ಹಿಂತಿರುಗಿಸಬೇಕಾಗಿಲ್ಲ. 2024-25ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಆದರೆ ಒಕ್ಕೂಟ ಸರ್ಕಾರದ ನೆರವು ಸಿಗುವುದು ವಿದ್ಯಾರ್ಥಿ ಘೋಷಿಸಿದ ಕಾರ್ಯಕ್ರಮಕ್ಕೆ ಲೆಕ್ಕವಾಗುವ ಕೋರ್ಸ್‌ಗಳಿಗೆ ಮಾತ್ರ, ಮತ್ತು ಕಾರ್ಯಕ್ರಮದ ಉದ್ದದ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು. 90 ಕ್ರೆಡಿಟ್‌ನ ಪದವಿಯಾದರೆ 135 ಕ್ರೆಡಿಟ್ ಪ್ರಯತ್ನಿಸುವಷ್ಟರಲ್ಲಿ ಕೈಗೆ ಬರಬೇಕು. ಬೇಡದ ಕೋರ್ಸ್‌ಗಳು ಈ ಮಿತಿಯನ್ನೂ ತಿನ್ನುತ್ತವೆ. ಹಿಂದೆ ಬೇರೆಡೆ ಓದಿದ ಕ್ರೆಡಿಟ್‌ಗಳನ್ನು ಮೌಲ್ಯಮಾಪನ ಮಾಡಿಸಿಕೊಂಡರೆ ಕೆಲವು ಕೋರ್ಸ್‌ಗಳನ್ನು ಮತ್ತೆ ಓದಬೇಕಾಗಿಲ್ಲ, ನನ್ನ ಬಿ.ಎಸ್ಸಿ.ಯ ಗಣಿತ ಹೀಗೆಯೇ ನಡೆಯಿತು. ಅದನ್ನು ಮೊದಲ ದಿನವೇ ಮಾಡಿಸಬೇಕಾಗಿತ್ತು.

ಇತ್ತೀಚೆಗೆ ಕಾಲೇಜುಗಳು ‘ಗೈಡೆಡ್ ಪಾಥ್‌ವೇಸ್’ ಎಂಬ ಹೆಸರಿನಲ್ಲಿ ಪಟ್ಟಿಯನ್ನು ಅಕ್ಷರ ಕ್ರಮದಿಂದ ಬಿಡಿಸಿ, ಆರೋಗ್ಯ, ವ್ಯವಹಾರ, ತಯಾರಿಕೆ ಎಂಬಂಥ ಕ್ಷೇತ್ರಗಳಾಗಿ ಗುಂಪು ಮಾಡಿ, ಪ್ರತಿ ಗುರಿಗೂ ಕ್ವಾರ್ಟರ್ ಕ್ವಾರ್ಟರ್‌ಗೆ ಯಾವ ಕೋರ್ಸ್ ಎಂಬ ನಕ್ಷೆ ಕೊಡಲು ಆರಂಭಿಸಿವೆ. 2019ರ ಒಂದು ಕಾನೂನು ಇದಕ್ಕೆ ಈ ರಾಜ್ಯದಲ್ಲಿ ಹಣವನ್ನೂ ಒದಗಿಸಿತು. ನಾನು ಸೇರಿದಾಗ ಇಂಥ ನಕ್ಷೆ ನನ್ನ ಕೈಗೆ ಸಿಕ್ಕಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ಆದರೂ ನಕ್ಷೆಯೊಂದೇ ಸಾಲದು. ಅದು ಶರತ್ಕಾಲದಲ್ಲಿ ಪೂರ್ಣಾವಧಿಯಾಗಿ ಸೇರುವವರನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತದೆ. ಚಳಿಗಾಲದಲ್ಲಿ, ಸಂಜೆ, ಒಂದೇ ಕೋರ್ಸ್‌ಗೆ ಬರುವವರಿಗೆ ಆ ಸಾಲು ಹೊಂದುವುದಿಲ್ಲ. ಆದ್ದರಿಂದ ಸಲಹೆಗಾರರ ಮುಂದೆ ಕೂತಾಗ ಏನು ಓದಲಿ ಎಂದು ಕೇಳುವುದಕ್ಕಿಂತ, ನನಗೆ ಈ ಪರವಾನಗಿ ಬೇಕು, ಅದರ ಹಿಂದಿನ ಕೋರ್ಸ್ ಯಾವುದು, ಅದು ವರ್ಷದ ಯಾವ ಕ್ವಾರ್ಟರ್‌ಗಳಲ್ಲಿ ನಡೆಯುತ್ತದೆ, ಸಂಜೆ ಇದೆಯೇ, ಅದಕ್ಕೂ ಹಿಂದೆ ಯಾವುದು ಎಂದು ಒಂದೊಂದಾಗಿ ಕೇಳುತ್ತ ಕಾಗದದ ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಬೇಕು. ಯಾವ ಕೋರ್ಸ್ ವರ್ಷಕ್ಕೆ ಒಂದೇ ಸಲ ನಡೆಯುತ್ತದೆಯೋ ಅದರ ಸುತ್ತ ದುಂಡನೆಯ ಗೆರೆ ಹಾಕಬೇಕು. ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು.

ಕಳೆದ ಚಳಿಗಾಲದಲ್ಲಿ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಒಬ್ಬರು ನನ್ನ ಮೇಜಿಗೆ ಬಂದಿದ್ದರು, ವಯಸ್ಸು ಮೂವತ್ತರ ಆಸುಪಾಸು. ತಂತಿ ಎಳೆಯುವ ಲೋಹದ ಕೊಳವೆಯನ್ನು ಅಡ್ಡಿಯೊಂದರ ಮೇಲೆ ಹಾಯಿಸಬೇಕಾದಾಗ ಎರಡು ಕಡೆ ಬಗ್ಗಿಸುತ್ತಾರೆ. 30 ಡಿಗ್ರಿಯ ಬಾಗಾದರೆ ಏರಬೇಕಾದ ಎತ್ತರವನ್ನು 2ರಿಂದ, 45 ಡಿಗ್ರಿಯಾದರೆ 1.4ರಿಂದ ಗುಣಿಸಿ ಎರಡು ಬಾಗುಗಳ ನಡುವಿನ ದೂರ ಗುರುತಿಸುತ್ತಾರೆ. 6 ಅಂಗುಲ ಏರಲು 30 ಡಿಗ್ರಿಯಲ್ಲಿ 12 ಅಂಗುಲ. ಇದು ಅವರಿಗೆ ಬಾಯಿಪಾಠವಾಗಿತ್ತು. ಆ 2 ಎಲ್ಲಿಂದ ಬಂತು ಎಂದು ಕೇಳಿದರು. ಲಂಬಕೋನ ತ್ರಿಭುಜ ಬರೆದು, 30 ಡಿಗ್ರಿಯ ಸೈನ್ ಅರ್ಧ, ಅದರ ವ್ಯುತ್ಕ್ರಮ 2 ಎಂದು ತೋರಿಸಿದೆ. ಅವರು ತಾವೇ 45 ಡಿಗ್ರಿಯದನ್ನು ಲೆಕ್ಕ ಹಾಕಿದರು, ಆಮೇಲೆ ಇಪ್ಪತ್ತೆರಡೂವರೆ ಡಿಗ್ರಿಯದನ್ನು, 2.6 ಎಂದು. ಐದು ವರ್ಷ ಕೈಯಲ್ಲಿ ತ್ರಿಕೋನಮಿತಿ ಮಾಡುತ್ತಿದ್ದವರು ಅವರು.

ಎಂಜಿನಿಯರಿಂಗ್ ಓದಬಹುದೇ ಎಂದು ಹೋಗುವ ಮುನ್ನ ಕೇಳಿದರು. ಪಟ್ಟಿಯನ್ನು ತೆರೆದು ಇಬ್ಬರೂ ಕೊನೆಯಿಂದ ಹಿಂದಕ್ಕೆ ಬಂದೆವು. ಅವರು ಮುಗಿಸಿದ್ದ ವೃತ್ತಿ ಗಣಿತದ ಕೋರ್ಸ್ ಮ್ಯಾಥ್& 141ಕ್ಕೆ ಬೇಕಾದ ಬೀಜಗಣಿತವೆಂದು ಲೆಕ್ಕಕ್ಕೆ ಬರುತ್ತಿರಲಿಲ್ಲ; ಆ ಹಳೆಯ ಗೋಡೆ ಅಲ್ಲೇ ನಿಂತಿತ್ತು. ಎರಡು ಕ್ವಾರ್ಟರ್ ಹಿಂದಿನಿಂದ ಶುರು ಮಾಡಬೇಕೆಂದು ಪಟ್ಟಿ ಹೇಳಿತು. ಮಟ್ಟ ನಿರ್ಧರಿಸುವ ಪರೀಕ್ಷೆಯನ್ನು ಮತ್ತೆ ಬರೆದು ಆ ಎರಡನ್ನೂ ದಾಟಲು ಅವಕಾಶವಿದೆಯೇ ಎಂದು ವಿಚಾರಿಸಿದೆವು; ಇತ್ತು. ಆರು ವಾರ ಕೆಲಸದಿಂದ ನೇರವಾಗಿ, ಬೂಟು ಕೂಡ ಬಿಚ್ಚದೆ ಬಂದು ಬೀಜಗಣಿತ ಮಾಡಿದರು, ಪರೀಕ್ಷೆ ಬರೆದರು. ವಸಂತದ ಕ್ವಾರ್ಟರ್‌ನಲ್ಲಿ ಮಂಗಳವಾರ ಮತ್ತು ಗುರುವಾರ ಸಂಜೆಯ ಮ್ಯಾಥ್& 141 ತರಗತಿಯಲ್ಲಿ ಅವರ ಹೆಸರಿದೆ. ನಮ್ಮ ಮೇಜು ಆ ಕೋಣೆಯ ಎದುರಿಗೇ ಇದೆ, ತರಗತಿ ಬಿಟ್ಟ ಕೂಡಲೇ ಅವರು ಪುಸ್ತಕ ಹಿಡಿದು ಇತ್ತ ಬರುತ್ತಾರೆ.